ಹೆವಿ ಲೈಸೆನ್ಸ್ ಇದೆ ಸರಿ, ಸ್ಕೂಲ್ ಬಸ್ ನಿಲ್ಲಿಸೋಕೆ ಬರುತ್ತಾ?

"ಅಣ್ಣಾ, ಜೂನ್‌ಗೆ ಸ್ಕೂಲ್ ಬಸ್ಸಿಗೆ ಸೇರಬೇಕು, ಏನೇನು ಮಾಡಿಸ್ಬೇಕು?"

ಏಪ್ರಿಲ್ ಬಂತು ಅಂದರೆ ನಮ್ಮ ಡ್ರೈವಿಂಗ್ ಸ್ಕೂಲಿನ ಬಾಗಿಲಲ್ಲಿ ಇದೇ ಮಾತು. ಬರುವವರಲ್ಲಿ ಕೆಲವರು ಹತ್ತು ಹದಿನೈದು ವರ್ಷ ಲಾರಿ ಓಡಿಸಿ ಸಾಕಾದವರು. ಸಂಜೆ ಮನೆ ಸೇರಬಹುದು, ಭಾನುವಾರ ರಜೆ, ಮೇಲೆ ದಸರಾ ರಜೆ ಬೇರೆ ಅನ್ನೋ ಆಸೆ ಅವರಿಗೆ. ಇನ್ನು ಕೆಲವರು ಮೊನ್ನೆ ಮೊನ್ನೆ ಕಾರು ಕಲಿತ ಹುಡುಗರು. ನಾನು ಹೆವಿ ಗಾಡಿ ಕಲಿಸೋಕೆ ಶುರು ಮಾಡಿ ಹದಿನೆಂಟು ವರ್ಷ ಆಯಿತು. ಊರಿನ ಒಂದೆರಡು ಶಾಲೆಯವರು ಡ್ರೈವರ್ ತೆಗೆದುಕೊಳ್ಳುವಾಗ ಟ್ರಯಲ್ ನೋಡಲು ನನ್ನನ್ನೇ ಕರೆಯುತ್ತಾರೆ. ಹಾಗಾಗಿ ಕಲಿಸುವ ಕಡೆಯಿಂದಲೂ ಆರಿಸುವ ಕಡೆಯಿಂದಲೂ ನೋಡಿದ್ದೇನೆ.

ಮೊದಲು ಕಾಗದದ ಕೆಲಸ ಮುಗಿಸಿಬಿಡೋಣ. 18 ತುಂಬಿದರೆ ಕಾರಿನ ಲೈಸೆನ್ಸ್, ಅಂದರೆ ಎಲ್‌ಎಂವಿ ಸಿಗುತ್ತದೆ. ಟ್ರಾನ್ಸ್‌ಪೋರ್ಟ್ ಗಾಡಿಗೆ, ಅಂದರೆ ಲಾರಿ, ಬಸ್ಸಿನಂಥ ಹೆವಿ ಗಾಡಿಗೆ, 20 ತುಂಬಿರಬೇಕು. ಎಲ್‌ಎಂವಿ ಸಿಕ್ಕಿ ಕನಿಷ್ಠ ಒಂದು ವರ್ಷ ಆಗದೆ ಟ್ರಾನ್ಸ್‌ಪೋರ್ಟ್‌ಗೆ ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಕೊಡುವುದಿಲ್ಲ. ಎಲ್‌ಎಲ್ ಆಗಿ 30 ದಿನ ಕಳೆದ ಮೇಲೆ ಟೆಸ್ಟು, ಆರು ತಿಂಗಳೊಳಗೆ ಮುಗಿಸಬೇಕು. ಮಾನ್ಯತೆ ಇರುವ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತಿದ್ದೀರಿ ಅಂತ ಫಾರ್ಮ್ 5 ಕಡ್ಡಾಯ. ಮೊದಲು ಎಂಟನೇ ಕ್ಲಾಸ್ ಪಾಸಾಗಿರಬೇಕು ಅಂತಿತ್ತು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ತೆಗೆದುಹಾಕಿತು. ಅದು ಒಳ್ಳೆಯದೇ, ಓದದೇ ಇದ್ದರೂ ಅದ್ಭುತವಾಗಿ ಗಾಡಿ ಓಡಿಸುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಫಾರ್ಮ್ 1ಎ ಅಂತ ಇನ್ನೊಂದಿದೆ, ಡಾಕ್ಟರ್ ಸರ್ಟಿಫಿಕೇಟು. ಇದನ್ನು ಎಲ್ಲರೂ ಸುಮ್ನೆ ಒಂದು ಸೀಲು ಅಂದುಕೊಂಡಿದ್ದಾರೆ. ಒಳ್ಳೆಯ ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಓದಲು ಆಗುತ್ತದಾ, ಕೆಂಪು ಹಸಿರು ಗುರುತಿಸಲು ಆಗುತ್ತದಾ, ಇರುಳುಗಣ್ಣು ಇದೆಯಾ ಅಂತ ನೋಡಿ ಬರೆಯಬೇಕಾದ ಫಾರ್ಮು ಅದು. ಎರಡು ವರ್ಷದ ಹಿಂದೆ ನಲವತ್ತೈದು ದಾಟಿದ ಲಾರಿ ಡ್ರೈವರ್ ಒಬ್ಬರನ್ನು ನಮ್ಮ ಅಂಗಳದಲ್ಲೇ ನಿಲ್ಲಿಸಿ ಎದುರಿನ ಕಾರಿನ ನಂಬರ್ ಓದಿಸಿದೆ, ಅಂಕಿ ಮೂರೋ ಎಂಟೋ ಅಂತ ತಡವರಿಸಿದರು, ಅದೇ ಕಣ್ಣಲ್ಲಿ ಎಷ್ಟು ವರ್ಷದಿಂದ ರಾತ್ರಿ ಹೈವೇ ಓಡಿಸುತ್ತಿದ್ದರೋ ದೇವರಿಗೇ ಗೊತ್ತು. ಕನ್ನಡಕ ಹಾಕಿಸಿಕೊಂಡ ಮೇಲೆ ಲೈಸೆನ್ಸ್ ಮಾಡಿಸೋಣ ಅಂದೆ. ಆಮೇಲೆ ಹಾಕಿಸಿಕೊಂಡರು ಅನ್ನಿ.

ಯಾವ ಗಾಡಿಗೆ ಯಾವ ಲೈಸೆನ್ಸ್ ಅನ್ನೋದರಲ್ಲಿ ಗೊಂದಲ ಜಾಸ್ತಿ. ನವೆಂಬರ್ 2024ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ಬಗೆಹರಿಸಿತು. ಒಟ್ಟು ತೂಕ 7500 ಕೆಜಿ ಒಳಗಿರುವ ಟ್ರಾನ್ಸ್‌ಪೋರ್ಟ್ ಗಾಡಿಯನ್ನು ಎಲ್‌ಎಂವಿ ಲೈಸೆನ್ಸಿನಲ್ಲೇ ಓಡಿಸಬಹುದು, ಲೈಸೆನ್ಸಿನಲ್ಲಿ ಅದಕ್ಕೆ ಅಂತ ಬೇರೆ ಎಂಡಾರ್ಸ್‌ಮೆಂಟ್ ಬರೆಸುವುದು ಬೇಡ. ಹಾಗಾಗಿ ಶಾಲೆಯ ಮ್ಯಾಕ್ಸಿಕ್ಯಾಬ್, ಟಿಟಿ (ಟೆಂಪೋ ಟ್ರಾವೆಲರ್) ಎಲ್ಲ ಇದರೊಳಗೆ ಬರುತ್ತವೆ. ದೊಡ್ಡ ಬಸ್ ಬರುವುದಿಲ್ಲ. ನಡುವೆ ಇರುವ ಮಿನಿ ಬಸ್ಸುಗಳಲ್ಲಿ ಕೆಲವು ಒಳಗೆ, ಕೆಲವು ಹೊರಗೆ, ಸೀಟು ಎಣಿಸಿ ಹೇಳಲು ಆಗಲ್ಲ. ಆರ್‌ಸಿ ತೆಗೆದು ಜಿವಿಡಬ್ಲ್ಯು, ಅಂದರೆ ಒಟ್ಟು ತೂಕ, ಎಷ್ಟಿದೆ ನೋಡಿ. ಅಂದ ಹಾಗೆ, ಬಿಳಿ ಬೋರ್ಡಿನ ಓಮ್ನಿಯಲ್ಲಿ ದುಡ್ಡು ತೆಗೆದುಕೊಂಡು ಮಕ್ಕಳನ್ನು ಸಾಗಿಸುವ ಕೆಲಸಕ್ಕೆ ಯಾರಾದರೂ ಕರೆದರೆ ಹೋಗಬೇಡಿ. ನಿಮ್ಮ ಲೈಸೆನ್ಸ್ ಸರಿಯಿದ್ದರೂ ಗಾಡಿಯೇ ಕಾನೂನಿನ ಹೊರಗಿದೆ, ಏನಾದರೂ ಆದರೆ ಇನ್ಶೂರೆನ್ಸ್‌ನವರು ಮೊದಲು ಹಿಡಿಯುವುದು ಅದನ್ನೇ.

ಇಷ್ಟಾದರೆ ಸ್ಕೂಲ್ ಬಸ್ ಡ್ರೈವರ್ ಆದ ಹಾಗಾ? ಇಲ್ಲ. 1997ರ ನವೆಂಬರ್‌ನಲ್ಲಿ ದೆಹಲಿಯ ವಜೀರಾಬಾದ್ ಸೇತುವೆಯಿಂದ ಶಾಲಾ ಬಸ್ಸೊಂದು ಯಮುನಾ ನದಿಗೆ ಬಿದ್ದು 28 ಮಕ್ಕಳು ಸತ್ತರು. ಮುಂದಿನ ತಿಂಗಳು ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ದೆಹಲಿಯ ಕೇಸಿನದ್ದಾದರೂ ಆಮೇಲೆ ದೇಶದ ಶಾಲೆಗಳಿಗೆಲ್ಲ ಅದೇ ಅಳತೆಗೋಲಾಯಿತು. ಹೆವಿ ಗಾಡಿ ಓಡಿಸಿ ಕನಿಷ್ಠ ಐದು ವರ್ಷ ಅನುಭವ ಇರಬೇಕು. ಅತಿ ವೇಗ, ಕುಡಿದು ಓಡಿಸಿದ್ದು, ಅಪಾಯಕಾರಿ ಚಾಲನೆ, ಇವುಗಳಲ್ಲಿ ಒಂದು ಸಲ ಕೇಸಾಗಿದ್ದರೂ ತೆಗೆದುಕೊಳ್ಳುವ ಹಾಗಿಲ್ಲ. ಸಿಗ್ನಲ್ ಜಂಪ್, ಸ್ಟಾಪ್ ಲೈನ್ ದಾಟಿದ್ದು ಅಂಥವು ವರ್ಷಕ್ಕೆ ಎರಡಕ್ಕಿಂತ ಜಾಸ್ತಿ ಆಗಿದ್ದರೂ ಅಷ್ಟೇ. ಬಸ್ಸಿಗೆ 40 ಕಿ.ಮೀ. ಮೀರದಂತೆ ಸ್ಪೀಡ್ ಗವರ್ನರ್. ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು ಅಟೆಂಡರ್. ಕರ್ನಾಟಕದಲ್ಲೂ 2012ರಲ್ಲಿ ಶಾಲಾ ಮಕ್ಕಳ ವಾಹನಗಳಿಗೆ ಅಂತಲೇ ಪ್ರತ್ಯೇಕ ನಿಯಮ ಬಂದಿದೆ. ಈಗ ಲೆಕ್ಕ ಹಾಕಿ. ಹೆವಿ ಸಿಗುವುದು 20ಕ್ಕೆ, ಅದಕ್ಕೆ ಐದು ಕೂಡಿಸಿದರೆ 25. ಅದಕ್ಕೆ ಮೊದಲು ಯಾವ ಶಾಲೆಯವರಾದರೂ ದೊಡ್ಡ ಬಸ್ಸಿನ ಕೀಲಿ ನಿಮ್ಮ ಕೈಗೆ ಕೊಟ್ಟರು ಅಂದರೆ ಖುಷಿಪಡಬೇಡಿ, ಅವರು ಕಡಿಮೆ ಸಂಬಳಕ್ಕೆ ಸಿಗುವವರನ್ನು ಹುಡುಕುತ್ತಿದ್ದಾರೆ ಅಷ್ಟೇ.

ಇನ್ನು ನಾನು ಕಲಿಸುವುದರ ಬಗ್ಗೆ. ನಿಯಮದ ಪ್ರಕಾರ ಟ್ರಾನ್ಸ್‌ಪೋರ್ಟ್ ತರಬೇತಿ ಕನಿಷ್ಠ 30 ದಿನ, ಅದರಲ್ಲಿ ಸ್ಟೀರಿಂಗ್ ಹಿಡಿದು ಓಡಿಸುವುದು 15 ಗಂಟೆಗೆ ಕಡಿಮೆ ಇರಬಾರದು. ಈ 15 ಗಂಟೆ ಕ್ಲಚ್, ಗೇರು, ತಿರುವು, ಏರು, ರಿವರ್ಸ್ ಇದರಲ್ಲೇ ಕಳೆದುಹೋಗುತ್ತದೆ. ಟೆಸ್ಟಿನ ದಿನ ಬ್ರೇಕ್ ಇನ್‌ಸ್ಪೆಕ್ಟರ್ ಸಾಹೇಬರು ನೋಡುವುದೂ ಅದನ್ನೇ. ಬಾಗಿಲು ತೆರೆದು ಎಲ್‌ಕೆಜಿ ಮಗು ಇಳಿಸಿ ಮತ್ತೆ ಹೊರಡುವುದನ್ನು ಯಾರೂ ಕಲಿಸುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಶಾಲಾ ಬಸ್ಸಿನಲ್ಲಿ ನನಗೆ ಹೆಚ್ಚು ಭಯ ಇರುವುದು ಅಲ್ಲೇ. ಬಸ್ ನಿಂತಿದೆ, ಮಗು ಇಳಿದಿದೆ, ಎಲ್ಲ ಮುಗಿಯಿತು ಅಂತ ಡ್ರೈವರ್ ಕೈ ಗೇರಿಗೆ ಹೋಗುವ ಆ ಹತ್ತು ಸೆಕೆಂಡು.

ಹಾಗಾಗಿ ಟ್ರಯಲ್‌ಗೆ ಹೋದಾಗ ನಾನು ಒಂದು ಪ್ಲಾಸ್ಟಿಕ್ ಬಕೆಟ್ ತೆಗೆದುಕೊಂಡು ಹೋಗುತ್ತೇನೆ. ಡ್ರೈವರ್ ಸೀಟಿನಲ್ಲಿ ಕೂತ ಮೇಲೆ ಬಂಪರ್ ಮುಂದೆ ಎರಡಡಿ ದೂರದಲ್ಲಿ ಬಕೆಟ್ ಇಟ್ಟು, ಕಾಣುತ್ತಾ ಅಂತ ಕೇಳುತ್ತೇನೆ. ಕಾಣಲ್ಲ. ಇನ್ನೂ ಮುಂದಕ್ಕೆ ಇಡುತ್ತಾ ಹೋಗುತ್ತೇನೆ, ಕಂಡಾಗ ಹಾರ್ನ್ ಹೊಡೀರಿ ಅನ್ನುತ್ತೇನೆ. ಹಾರ್ನ್ ಕೇಳುವಷ್ಟರಲ್ಲಿ ನಾನು ಎಷ್ಟು ದೂರ ನಡೆದಿರುತ್ತೇನೆ ಅಂತ ನೋಡಿ ಹಳೇ ಡ್ರೈವರುಗಳೇ ಬೆಚ್ಚಿಬೀಳುತ್ತಾರೆ. ನೆಲಕ್ಕೆ ಬಿದ್ದ ವಾಟರ್ ಬಾಟಲ್ ಎತ್ತಲು ಬಗ್ಗಿದ ಮಗು ಆ ಬಕೆಟ್ಟಿನಷ್ಟೇ ಎತ್ತರ ಇರುತ್ತದೆ. ನಮ್ಮಲ್ಲಿ ಬಾಗಿಲು ಎಡಕ್ಕೆ, ಮನೆ ಬಲಕ್ಕೆ ಇದ್ದರೆ ಮಗು ಬಸ್ಸಿನ ಮುಂದೆಯೇ ಹಾದು ಹೋಗುತ್ತದೆ. ಅಮೆರಿಕದಲ್ಲಿ ಮಕ್ಕಳನ್ನು ಇಳಿಸಲು ಹಳದಿ ಬಸ್ ಕೆಂಪು ದೀಪ ಹಾಕಿ ನಿಂತರೆ ಹಿಂದಿನ ಗಾಡಿಗಳು ನಿಲ್ಲಲೇಬೇಕು, ಇಲ್ಲಿ ಬೈಕಿನವರು ಬಸ್ಸಿನ ಎಡಗಡೆ ಸಂದಿಯಲ್ಲೇ ನುಗ್ಗುತ್ತಾರೆ. ಅದಕ್ಕೇ ನಾನು ಹೇಳಿಕೊಡುವುದು ಇಷ್ಟು: ಬಸ್ಸನ್ನು ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಎಡ ಕನ್ನಡಿ ನೋಡಿದ ಮೇಲೆಯೇ ಬಾಗಿಲು. ಇಳಿದ ಮಕ್ಕಳನ್ನು ಎಣಿಸಿ, ಎಲ್ಲರೂ ಕಣ್ಣಿಗೆ ಕಂಡ ಮೇಲೆ, ಆಯಾ ಒಳಗೆ ಬಂದು ರೈಟ್ ಅಂದ ಮೇಲೆ ಗೇರು. ಬ್ಯಾಗಿನ ಪಟ್ಟಿ ಬಾಗಿಲಿಗೆ ಸಿಕ್ಕಿದೆಯಾ ನೋಡಬೇಕು. ಆಯಾ ಕೆಳಗೆ ನಿಲ್ಲದೆ ರಿವರ್ಸ್ ಕೂಡದು, ಹಿಂದೆ ಖಾಲಿ ಮೈದಾನವೇ ಇರಲಿ.

ಲಾರಿಯಿಂದ ಬಂದವರಿಗೆ ಇನ್ನೊಂದು ಮಾತು, ಬೇಜಾರಾದರೂ ಪರವಾಗಿಲ್ಲ. ಬೆಂಗಳೂರಿನಲ್ಲಿ ಟ್ರಾಫಿಕ್ ಪೊಲೀಸರು ಬೆಳಗ್ಗೆ ಶಾಲಾ ಬಸ್ಸುಗಳನ್ನು ನಿಲ್ಲಿಸಿ ಊದಿಸಿದಾಗ ಸಿಕ್ಕಿಬಿದ್ದವರಿದ್ದಾರೆ. "ರಾತ್ರಿ ಹನ್ನೆರಡಕ್ಕೇ ನಿಲ್ಸಿದ್ದೆ ಸಾರ್, ಬೆಳಗ್ಗೆ ಸ್ನಾನ ಮಾಡಿ ಟೀ ಕುಡಿದೇ ಬಂದಿದ್ದು" ಅನ್ನುತ್ತಾರೆ. ಸ್ನಾನಕ್ಕೂ ಟೀಗೂ ರಕ್ತದಲ್ಲಿರುವ ಮದ್ಯ ಇಳಿಯಲ್ಲ, ಸಮಯಕ್ಕೆ ಮಾತ್ರ ಇಳಿಯುತ್ತದೆ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ದಾಟಿದರೆ ಕೇಸು, ಆಮೇಲೆ ಶಾಲೆಯ ಬಾಗಿಲು ಮುಚ್ಚಿದ ಹಾಗೆಯೇ. ರಾತ್ರಿ ಮದುವೆ ಟ್ರಿಪ್ ಹೊಡೆದು ಬೆಳಗ್ಗೆ ಏಳಕ್ಕೆ ಮಕ್ಕಳನ್ನು ಹತ್ತಿಸಿಕೊಳ್ಳುವವರೂ ಇದ್ದಾರೆ. ಇದರಲ್ಲಿ ಡ್ರೈವರಿಗಿಂತ ಶಾಲೆಯವರ ತಪ್ಪು ಜಾಸ್ತಿ ಅಂತ ನನಗನಿಸುತ್ತದೆ, ಸಂಬಳ ಮನೆ ನಡೆಸುವಷ್ಟಿದ್ದರೆ ಯಾರು ನಿದ್ದೆಗೆಟ್ಟು ಇನ್ನೊಂದು ಡ್ಯೂಟಿ ಮಾಡುತ್ತಾರೆ, ಅಲ್ವಾ?

ಹೆವಿ ಇದ್ದವರು ಲೈಸೆನ್ಸಿನ ತಾರೀಖು ಒಮ್ಮೆ ನೋಡಿಕೊಳ್ಳಿ. ಟ್ರಾನ್ಸ್‌ಪೋರ್ಟ್‌ಗೆ ಐದೇ ವರ್ಷ. ಮುಗಿದ ಮೇಲೂ 30 ದಿನ ನಡೆಯುತ್ತದೆ ಅನ್ನೋ ಹಳೇ ಸೌಲಭ್ಯ 2019ರ ತಿದ್ದುಪಡಿಯಲ್ಲಿ ಹೋಯಿತು. ಮುಗಿಯುವುದಕ್ಕೆ ಒಂದು ವರ್ಷ ಮೊದಲೇ ರಿನ್ಯೂವಲ್‌ಗೆ ಹಾಕಬಹುದು. ಮುಗಿದು ವರ್ಷ ದಾಟಿದರೆ ಮತ್ತೆ ಟೆಸ್ಟು.

ಈಗಿನ್ನೂ ಎಲ್‌ಎಂವಿ ಹಿಡಿದು ಬರುವ ಹುಡುಗರಿಗೆ: ಮೇ ಕೊನೆಗೆ ಬಂದು ಜೂನ್‌ಗೆ ಬೇಕು ಅಂದರೆ ನನ್ನ ಕೈಲಿ ಆಗಲ್ಲ. ಹೆವಿ ಮಾಡಿಸಿಕೊಂಡು ಗೂಡ್ಸ್ ಗಾಡಿಗೋ ಫ್ಯಾಕ್ಟರಿ ಬಸ್ಸಿಗೋ ಸೇರಿ, ಚಲನ್ ಆಗದ ಹಾಗೆ ಐದು ವರ್ಷ ಕಳೆಯಿರಿ. ಆಮೇಲೆ ಬನ್ನಿ, ಬಕೆಟ್ ತೆಗೆದಿಟ್ಟಿರುತ್ತೇನೆ.