ಎಎಂಟಿ ಕಾರು ಜಗ್ಗುತ್ತದೆ, ಏರಿನಲ್ಲಿ ಜಾರುತ್ತದೆ: ಗೇರ್‌ಬಾಕ್ಸ್ ಕೆಟ್ಟಿದೆಯಾ?

ಪ್ರಶ್ನೆ: ಎಎಂಟಿ (ಕ್ಲಚ್ ಪೆಡಲ್ ಇಲ್ಲದೆ ಗೇರ್ ತಾನೇ ಬದಲಾಗುವ ಗೇರ್‌ಬಾಕ್ಸ್) ಇರುವ ಸಣ್ಣ ಕಾರು ತಗೊಂಡು ಎಂಟು ತಿಂಗಳಾಯಿತು. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಜಗ್ಗುತ್ತದೆ. ಫ್ಲೈಓವರ್ ಏರಿನಲ್ಲಿ ನಿಂತು ಹೊರಡುವಾಗ ಹಿಂದಕ್ಕೆ ಜಾರುತ್ತದೆ. ಎರಡು ಸಲ ಸುಟ್ಟ ವಾಸನೆಯೂ ಬಂತು. ಶೋರೂಮಿನವರು "ಆಟೋಮ್ಯಾಟಿಕ್ ಅಂದ್ರೆ ಹೀಗೇ ಸಾರ್" ಅಂತಾರೆ. ನಿಜಾನಾ?

ಉತ್ತರ: ಅರ್ಧ ನಿಜ. ಸ್ವಲ್ಪ ಜಗ್ಗುವುದು ಆ ಗೇರ್‌ಬಾಕ್ಸಿನ ಗುಣ. ಆದರೆ ಸುಟ್ಟ ವಾಸನೆ ಬಂತು ಅಂದರೆ ಕ್ಲಚ್ ಪ್ಲೇಟು ಸವೆಯುತ್ತಿರುವ ಸಾಧ್ಯತೆಯೇ ಹೆಚ್ಚು.

2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ನಮ್ಮಲ್ಲಿ ಎಎಂಟಿ ಜನಪ್ರಿಯವಾಯಿತು. ಒಳಗಿರುವುದು ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ಚೂ ಅದೇ. ಅದನ್ನು ಒತ್ತಿ ಗೇರ್ ಹಾಕುವ ಕೆಲಸ ಮಾತ್ರ ನಿಮ್ಮ ಕೈಕಾಲಿನಿಂದ ಆಕ್ಚುಯೇಟರ್ ಎಂಬ ಯಂತ್ರಭಾಗಕ್ಕೆ ಹೋಗಿದೆ. ಗೇರ್ ಬದಲಾಗುವ ಆ ಕ್ಷಣ ಎಂಜಿನ್ನಿನ ಶಕ್ತಿ ಚಕ್ರಕ್ಕೆ ತಲುಪುವುದಿಲ್ಲ. ನೀವು ಆಕ್ಸಿಲರೇಟರ್ ತುಳಿದೇ ಕೂತಿದ್ದರೆ ತಲೆ ಮುಂದಕ್ಕೆ ವಾಲುತ್ತದೆ. ಗೇರ್ ಬೀಳುವ ಹೊತ್ತಿಗೆ ಕಾಲನ್ನು ಚೂರು ಸಡಿಲಿಸಿ ನೋಡಿ, ಜಗ್ಗಾಟ ಅರ್ಧಕ್ಕರ್ಧ ಕಮ್ಮಿಯಾಗುತ್ತದೆ. ಒಂದು ವಾರದಲ್ಲಿ ಕಾಲಿಗೆ ರೂಢಿಯಾಗುತ್ತದೆ.

ಏರಿನ ವಿಷಯ ಬೇರೆ. ಮ್ಯಾನುಯಲ್ ಕಾರಿನಲ್ಲಿ ಹಾಫ್ ಕ್ಲಚ್‌ನಲ್ಲಿ, ಅಂದರೆ ಕ್ಲಚ್ ಪೆಡಲನ್ನು ಅರ್ಧ ಒತ್ತಿ, ಏರಿನಲ್ಲಿ ಗಾಡಿ ನಿಲ್ಲಿಸಿದರೆ ಪ್ಲೇಟು ಸುಡುತ್ತದೆ ಅಂತ ಡ್ರೈವಿಂಗ್ ಸ್ಕೂಲಿನಲ್ಲೇ ಬೈದು ಕಲಿಸಿರುತ್ತಾರೆ. ಎಎಂಟಿಯಲ್ಲಿ ಕ್ಲಚ್ ಪೆಡಲ್ಲೇ ಇಲ್ಲವಲ್ಲ, ಹಾಗಾಗಿ ಅದೇ ತಪ್ಪು ಗೊತ್ತಾಗದಂತೆ ನಡೆಯುತ್ತದೆ. ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರಿನಿಂದಲೇ ಗಾಡಿಯನ್ನು ನಿಂತಲ್ಲೇ ಹಿಡಿದಿಟ್ಟರೆ, ಒಳಗೆ ಕ್ಲಚ್ ಅರ್ಧ ಹಿಡಿದು ಉಜ್ಜುತ್ತಲೇ ಇರುತ್ತದೆ. ವಾಸನೆ ಬರುವುದು ಅಲ್ಲಿಂದ. ಏರಿನಲ್ಲಿ ನಿಂತಾಗ ಹ್ಯಾಂಡ್ ಬ್ರೇಕ್ ಎಳೆಯಿರಿ. ಆಕ್ಸಿಲರೇಟರ್ ಕೊಟ್ಟು, ಗಾಡಿ ಮುಂದಕ್ಕೆ ತುಡಿದಾಗ ಬ್ರೇಕ್ ಇಳಿಸಿ. ಏರಿನಲ್ಲಿ ಬ್ರೇಕ್ ತಾನೇ ಹಿಡಿದಿಡುವ ಹಿಲ್ ಹೋಲ್ಡ್ ಇದ್ದರೂ ಅದು ಹಿಡಿಯುವುದು ಒಂದೆರಡು ಸೆಕೆಂಡು ಮಾತ್ರ, ಅದನ್ನೇ ನಂಬಬೇಡಿ. ಬೆಂಗಳೂರಿನ ಸಿಲ್ಕ್ ಬೋರ್ಡಿನಂಥ ಜಾಮಿನಲ್ಲಿ ಮುಂದಿನ ಗಾಡಿ ಒಂದಡಿ ಸರಿದಾಗಲೆಲ್ಲ ನೀವೂ ತೆವಳಬೇಕಾಗಿಲ್ಲ. ಜಾಗ ಬಿಡಲಿ, ಆಮೇಲೆ ಒಂದೇ ಸಲ ಹೋಗಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ ಬಿಡಿ. ಶಿರಾಡಿ ಘಾಟಿಯಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡಾಗ ಮ್ಯಾನುಯಲ್ ಮೋಡಿಗೆ ಹಾಕಿ ಸಣ್ಣ ಗೇರಿನಲ್ಲೇ ಇರಿ.

ಇನ್ನು ನಿಜವಾದ ದೋಷಗಳು. ಓಡುತ್ತಿರುವಾಗ ತಾನಾಗಿ ನ್ಯೂಟ್ರಲ್‌ಗೆ ಬೀಳುವುದು, ರಿವರ್ಸ್ ಬೀಳದಿರುವುದು, ಎಚ್ಚರಿಕೆ ದೀಪ ಹೊತ್ತುವುದು, ಮುಂಚೆ ಇಲ್ಲದ ಜಗ್ಗಾಟ ದಿನೇದಿನೇ ಜಾಸ್ತಿಯಾಗುವುದು. ಇವು ಯಾವ ಗೇರ್‌ಬಾಕ್ಸಿನ ಗುಣವೂ ಅಲ್ಲ. ಹಾಗಂತ ಕೂಡಲೇ ಗೇರ್‌ಬಾಕ್ಸೇ ಹೋಯಿತು ಅಂತ ಗಾಬರಿ ಬೇಡ. ಲಿವರನ್ನು ಡಿಗೆ (ಡ್ರೈವ್) ಹಾಕಿದರೆ ಗೇರ್ ಬೀಳುತ್ತಿಲ್ಲ ಅಂದರೆ ಮೊದಲು ಹಿಂದಿನ ಬ್ರೇಕ್ ಲೈಟ್ ಹೊತ್ತುತ್ತದೆಯಾ ನೋಡಿ. ಬ್ರೇಕ್ ಪೆಡಲಿನ ಸ್ವಿಚ್ ಕೆಟ್ಟರೆ, ನೀವು ಬ್ರೇಕ್ ಒತ್ತಿದ್ದೀರಿ ಅಂತ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ, ಗೇರ್ ಕೊಡುವುದೂ ಇಲ್ಲ. ಸ್ವಿಚ್ ಸಣ್ಣ ಸಾಮಾನು, ಗೇರ್‌ಬಾಕ್ಸಿನ ಬಿಲ್ಲಿನ ಮುಂದೆ ಏನೂ ಅಲ್ಲ. ಬ್ಯಾಟರಿ ಸೊರಗಿದ್ದರೂ ಆಕ್ಚುಯೇಟರ್ ತಡವರಿಸುತ್ತದೆ. ಹೈಡ್ರಾಲಿಕ್ ಆಕ್ಚುಯೇಟರ್ ಇದ್ದರೆ ಅದರ ಎಣ್ಣೆ ಸೋರಿದೆಯಾ ಅಂತಲೂ ನೋಡಿಸಿ. ಕೆಲವೊಮ್ಮೆ ಸ್ಕ್ಯಾನರ್ ಹಾಕಿ ಕ್ಲಚ್ ಹಿಡಿಯುವ ಬಿಂದುವನ್ನು ಕಂಪ್ಯೂಟರಿಗೆ ಮತ್ತೆ ಕಲಿಸಿದರೆ ಸಾಕಾಗುತ್ತದೆ.

"ಹೀಗೇ ಸಾರ್" ಅನ್ನುವ ಮಾತನ್ನು ಪೂರ್ತಿ ಯಾಕೆ ನಂಬಬಾರದು ಅಂದರೆ, ಅಮೆರಿಕದ ಫೋರ್ಡ್ ಕಥೆ ಕೇಳಿ. 2011ರಿಂದ 2016ರ ಫಿಯೆಸ್ಟಾ, 2012ರಿಂದ 2016ರ ಫೋಕಸ್ ಕಾರುಗಳಲ್ಲಿ ಎಎಂಟಿ ಅಲ್ಲದ, ಎರಡು ಡ್ರೈ ಕ್ಲಚ್‌ಗಳ ಪವರ್‌ಶಿಫ್ಟ್ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇತ್ತು. ಹೊರಡುವಾಗ ಗಾಡಿ ನಡುಗುತ್ತದೆ ಅಂತ ಮಾಲೀಕರ ದೂರು. ಒಂದು ಕಾರಣ, ಸೀಲ್ ಸೋರಿ ಎಣ್ಣೆ ಒಣಗಿರಬೇಕಾದ ಕ್ಲಚ್ಚಿಗೆ ತಾಗುತ್ತಿದ್ದದ್ದು. 2014ರಲ್ಲಿ ಕಂಪನಿ ಕ್ಲಚ್ ಮತ್ತು ಸೀಲಿನ ವಾರಂಟಿಯನ್ನು 7 ವರ್ಷ ಅಥವಾ 1 ಲಕ್ಷ ಮೈಲಿಗೆ ಏರಿಸಿತು. ಮಾಲೀಕರು ಸೇರಿ ಹಾಕಿದ ಕೇಸು 2020ರಲ್ಲಿ ಇತ್ಯರ್ಥವಾಯಿತು. ನಮ್ಮಲ್ಲಿ 2013ರಲ್ಲಿ ಬಂದ ಇಕೋಸ್ಪೋರ್ಟ್ ಆಟೋಮ್ಯಾಟಿಕ್‌ನಲ್ಲೂ ಪವರ್‌ಶಿಫ್ಟೇ ಇತ್ತು. 2017ರ ಹೊಸ ರೂಪದಲ್ಲಿ ಅದನ್ನು ಬಿಟ್ಟು, ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್ ಹಾಕಿದರು.

ನೀವು ಈಗ ಮಾಡಬೇಕಾದ್ದು: ಜಗ್ಗುವುದು, ಜಾರುವುದು, ವಾಸನೆ ಮೂರನ್ನೂ ಸರ್ವಿಸ್ ಸೆಂಟರಿನ ಜಾಬ್ ಕಾರ್ಡಿನಲ್ಲಿ (ದೂರು ಬರೆದುಕೊಳ್ಳುವ ಚೀಟಿ) ಬರೆಸಿ, ಪ್ರತಿ ಇಟ್ಟುಕೊಳ್ಳಿ. ಬಾಯಿಮಾತಿನ ದೂರಿಗೆ ವಾರಂಟಿಯಲ್ಲಿ ಲೆಕ್ಕವಿಲ್ಲ. ಕ್ಲಚ್ ಪ್ಲೇಟನ್ನು ಸಾಮಾನ್ಯವಾಗಿ ಸವೆಯುವ ಭಾಗ ಎಂದು ವಾರಂಟಿಯ ಹೊರಗಿಡುತ್ತಾರೆ, ಆದ್ದರಿಂದ ದೂರಿನ ತಾರೀಕು, ಕಿಲೋಮೀಟರ್ ದಾಖಲಾಗಿರುವುದು ಮುಖ್ಯ. ಸರ್ವಿಸ್ ಅಡ್ವೈಸರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಫ್ಲೈಓವರ್ ಏರಿಸಿ. ಬೆಳಗ್ಗೆ ಖಾಲಿ ರಸ್ತೆಯಲ್ಲಿ ಏನೂ ಕಾಣುವುದಿಲ್ಲ, ಎಂಜಿನ್ ಕಾದ ಮೇಲೆ ಸಂಜೆ ಟ್ರಾಫಿಕ್ಕಿನಲ್ಲಿ ಕರೆದುಕೊಂಡು ಹೋಗಿ.