ಪದ ಪರಿಚಯ: ಆಡಿಯೋಫೈಲ್ ಪವರ್ ಕಾರ್ಡ್

ಆಡಿಯೋಫೈಲ್ ಎಂದರೆ ಒಳ್ಳೆ ಧ್ವನಿಯ ಹುಚ್ಚಿರುವವರು. ಗೋಡೆಯ ಪ್ಲಗ್ಗಿನಿಂದ ಆಂಪ್ಲಿಫೈಯರಿನ ಬೆನ್ನಿಗೆ ಹೋಗುವ ವೈರೇ ಪವರ್ ಕಾರ್ಡ್. ಒಳಗೆ ಫೇಸ್, ನ್ಯೂಟ್ರಲ್, ಅರ್ತ್ ಎಂಬ ಮೂರು ಎಳೆ. ಹರಿಯುವುದು ಮಿಕ್ಸಿಗೆ ಹೋಗುವ ಅದೇ 230 ವೋಲ್ಟ್, 50 ಹರ್ಟ್ಸ್ ಕರೆಂಟು. ಇದಕ್ಕೆ ದಪ್ಪ ಹೊದಿಕೆ ಹೊದಿಸಿ, ಪಿನ್ನಿಗೆ ಬೆಳ್ಳಿಯನ್ನೋ ಚಿನ್ನವನ್ನೋ ಲೇಪಿಸಿ, ಧ್ವನಿ ಸುಧಾರಿಸುತ್ತದೆಂದು ಹೇಳಿ ಸಾವಿರಗಟ್ಟಲೆ ರೂಪಾಯಿಗೆ ಮಾರಿದರೆ ಅದು ಆಡಿಯೋಫೈಲ್ ಕಾರ್ಡ್.

ಲೆಕ್ಕ ಹಾಕಿ ನೋಡೋಣ. 1.5 ಚದರ ಮಿಲಿಮೀಟರ್ ತಾಮ್ರದ ಮಾಮೂಲಿ ಕಾರ್ಡ್ ಒಂದು ಮೀಟರ್ ಉದ್ದವಿದ್ದರೆ, ಹೋಗಿ ಬರುವ ಎರಡೂ ಎಳೆ ಸೇರಿ ಅದರ ರೋಧ ಸುಮಾರು 0.024 ಓಮ್. 100 ವಾಟ್ ಎಳೆಯುವ ಆಂಪ್ಲಿಫೈಯರಿಗೆ ಅದರಲ್ಲಿ ಕಳೆದುಹೋಗುವುದು ಹೆಚ್ಚುಕಡಿಮೆ 0.01 ವೋಲ್ಟ್. ಹೊಸನಗರದ ಕಡೆ ಬೇಸಿಗೆಯಲ್ಲಿ ಪಕ್ಕದ ಅಡಿಕೆ ತೋಟದ ಮೋಟರ್ ಚಾಲೂ ಆದರೆ ಸ್ಟೆಬಿಲೈಸರಿನ ಮುಳ್ಳು ಹತ್ತಿಪ್ಪತ್ತು ವೋಲ್ಟ್ ಕೆಳಗಿಳಿಯುತ್ತದೆ! ಕಾಡು ಗುಡ್ಡ ದಾಟಿ ಅಲ್ಯೂಮಿನಿಯಂ ತಂತಿಯಲ್ಲಿ ಬಂದ ಕರೆಂಟನ್ನು ಕೊನೆಯ ಒಂದು ಮೀಟರ್ ತಾಮ್ರ ಶುದ್ಧ ಮಾಡೀತೇ?

ಆ ಕೆಲಸಕ್ಕೆ ಆಂಪ್ಲಿಫೈಯರಿನೊಳಗೇ ವ್ಯವಸ್ಥೆ ಇದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ರೆಕ್ಟಿಫೈಯರ್ ಅದನ್ನು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು ಮಾಡುತ್ತದೆ, ಕೆಪಾಸಿಟರ್ ಏರಿಳಿತ ನುಂಗುತ್ತದೆ. ಮೋಟರ್ ನೀರು ಬಿಟ್ಟು ಬಿಟ್ಟು ಬಂದರೂ ತೊಟ್ಟಿಯ ನಲ್ಲಿ ಒಂದೇ ಸಮ ಸುರಿಯುವ ಹಾಗೆ.

ಕಾರ್ಡ್ ಕೊಳ್ಳುವಾಗ ನೋಡಬೇಕಾದ್ದು ಬೇರೆ: ಐಎಸ್‌ಐ ಮುದ್ರೆ, ನಿಜವಾದ ಅರ್ತ್ ಎಳೆ, ಸಾಕೆಟ್ಟಿನಲ್ಲಿ ಬಿಗಿಯಾಗಿ ಕೂರುವ ಪಿನ್. ಸಡಿಲ ಪಿನ್ ಬಿಸಿಯಾಗುತ್ತದೆ, ಕಿಡಿ ಹಾರಿ ಚಟಪಟ ಸದ್ದೂ ಮಾಡುತ್ತದೆ. ಅಂಥ ಕಾರ್ಡ್ ಬದಲಿಸಿದವರು 'ಸೌಂಡ್ ಕ್ಲಿಯರ್ ಆಯ್ತು ಮಾರಾಯ್ರೆ' ಅಂದರೆ ನಂಬುತ್ತೇನೆ. ಮಿಕ್ಕವರು ಯಾವ ಕಾರ್ಡ್ ಹಾಕಿದೆಯೆಂದು ನೋಡದೆ ಒಮ್ಮೆ ಕೇಳಿ ಹೇಳಲಿ.

ಸ್ಪೀಕರಿನಲ್ಲಿ 'ಗುಂಯ್' ಅನ್ನುವ ಸದ್ದಿಗೆ ಕಾರಣ ಸಾಮಾನ್ಯವಾಗಿ ಗ್ರೌಂಡ್ ಲೂಪ್. ಮಾಡಿನ ಮೇಲಿನ ಡಿಶ್ಶಿಗೊಂದು ಅರ್ತ್, ಆಂಪ್ಲಿಫೈಯರಿಗೊಂದು ಅರ್ತ್ ಇದ್ದಾಗ ಟಿವಿಗೂ ಆಂಪ್ಲಿಫೈಯರಿಗೂ ನಡುವಿನ ಆಡಿಯೋ ಕೇಬಲ್ಲಿನಲ್ಲಿ ಕರೆಂಟು ಸುತ್ತುತ್ತದೆ. ಡಿಶ್ ವೈರ್ ಬಿಚ್ಚಿದೊಡನೆ ಸದ್ದು ನಿಂತರೆ ಕಳ್ಳ ಸಿಕ್ಕಿದ ಹಾಗೆ. ಟಿವಿ, ಆಂಪ್ಲಿಫೈಯರ್ ಎರಡನ್ನೂ ಒಂದೇ ಬೋರ್ಡಿಗೆ ಹಾಕಿ ನೋಡಿ. ಅರ್ತ್ ಪಿನ್ ಮುರಿಯುವ ಸಾಹಸ ಮಾತ್ರ ಬೇಡ, ಶಾಕ್ ಹೊಡೆದೀತು. ಮಳೆಗಾಲದಲ್ಲಿ ಕರೆಂಟು ಹೋದಾಗಷ್ಟೇ ಗುಂಯ್‌ಗುಟ್ಟಿದರೆ ನಯವಾದ ಅಲೆಯ ಬದಲು ಚೌಕಾಕಾರದ ಅಲೆಯ ಕರೆಂಟು ಕೊಡುವ ಸ್ಕ್ವೇರ್ ವೇವ್ ಇನ್ವರ್ಟರನ್ನು ಅನುಮಾನಿಸಿ.

ದುಡ್ಡು ಹಾಕಲೇಬೇಕೆಂದರೆ ಇದ್ದಿಲು, ಉಪ್ಪು ತುಂಬಿದ ಒಳ್ಳೆ ಅರ್ಥಿಂಗ್ ಗುಂಡಿ ಮಾಡಿಸಿ, ಬೇಸಿಗೆಯಲ್ಲಿ ಅದಕ್ಕೆ ನೀರು ಹೊಯ್ಯಿರಿ. ವೋಲ್ಟೇಜ್ ಹಠಾತ್ತನೆ ಏರಿದರೆ ತಡೆಯುವ ಸರ್ಜ್ ಪ್ರೊಟೆಕ್ಟರೂ ಇರಲಿ. ಆದರೂ ಏಪ್ರಿಲ್-ಮೇ ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡಿ, ಜೊತೆಗೆ ಡಿಶ್ ವೈರನ್ನೂ.