ಡಿಕ್ಸಿ ಡೀನ್: 60 ಗೋಲುಗಳನ್ನು ಅರ್ಥಮಾಡಿಕೊಳ್ಳುವುದು ಹೇಗೆ?

ಎರಡು ಮಹಾಯುದ್ಧಗಳ ನಡುವಿನ ಇಂಗ್ಲಿಷ್ ಫುಟ್‌ಬಾಲ್ ಓದುವಾಗ ಡಿಕ್ಸಿ ಡೀನ್ ಹೆಸರಿನ ಪಕ್ಕ ಎಲ್ಲರೂ ಬರೆದುಕೊಳ್ಳುವುದು ಒಂದೇ ಲೆಕ್ಕ: 1927-28, ಲಿವರ್‌ಪೂಲ್ ನಗರದ ಎವರ್ಟನ್ ಕ್ಲಬ್, 39 ಲೀಗ್ ಪಂದ್ಯ, 60 ಗೋಲು. 2022-23ರಲ್ಲಿ ಮ್ಯಾಂಚೆಸ್ಟರ್ ಸಿಟಿಯ ಎರ್ಲಿಂಗ್ ಹಾಲಂಡ್ ಪ್ರೀಮಿಯರ್ ಲೀಗ್‌ನಲ್ಲಿ 36 ಹೊಡೆದದ್ದಕ್ಕೇ ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದೆವು, ಅಲ್ವಾ? 'ಆಗ ಗೋಲು ಹೊಡೆಯೋದು ಸುಲಭ ಇತ್ತು ಬಿಡಿ' ಅನ್ನುವವರಿದ್ದಾರೆ. ಅದರಲ್ಲಿ ಅರ್ಧ ನಿಜ ಇದೆ.

1925ರ ಬೇಸಿಗೆಯಲ್ಲಿ ಆಫ್‌ಸೈಡ್ ನಿಯಮ ಬದಲಾಯಿತು. ಅಲ್ಲಿಯವರೆಗೆ ಪಾಸ್ ಕೊಡುವ ಹೊತ್ತಿಗೆ ಫಾರ್ವರ್ಡ್ (ದಾಳಿಯ ಆಟಗಾರ) ಮತ್ತು ಗೋಲಿನ ನಡುವೆ ಗೋಲ್‌ಕೀಪರ್ ಸೇರಿ ಎದುರಾಳಿಗಳು ಮೂವರು ಇರಬೇಕಿತ್ತು, ಇಲ್ಲದಿದ್ದರೆ ಆಫ್‌ಸೈಡ್. ಆಮೇಲೆ ಇಬ್ಬರು ಸಾಕಾಯಿತು. ಹಳೆಯ ನಿಯಮದಲ್ಲಿ ಒಬ್ಬ ಬ್ಯಾಕ್ (ರಕ್ಷಣೆಯ ಆಟಗಾರ) ಮುಂದಕ್ಕೆ ಬಂದು ಫಾರ್ವರ್ಡ್‌ನನ್ನು ಆಫ್‌ಸೈಡ್‌ಗೆ ಕೆಡವುತ್ತಿದ್ದ, ಲೆಕ್ಕ ತಪ್ಪಿದರೆ ಇನ್ನೊಬ್ಬ ಬ್ಯಾಕ್ ಹಿಂದೆ ಇರುತ್ತಿದ್ದ. ಹೊಸ ನಿಯಮ ಬಂದ ಮೇಲೆ ಲೆಕ್ಕ ತಪ್ಪಿದರೆ ಹಿಂದೆ ಗೋಲ್‌ಕೀಪರ್ ಒಬ್ಬನೇ. ಆಗಿನ ಅಗ್ರ ದರ್ಜೆಯಾದ ಫಸ್ಟ್ ಡಿವಿಷನ್‌ನ ಒಟ್ಟು ಗೋಲುಗಳು ಒಂದೇ ವರ್ಷದಲ್ಲಿ 1,192ರಿಂದ 1,703ಕ್ಕೆ ಜಿಗಿದವು.

ಆದರೆ ಈ ಅನುಕೂಲ ಎಲ್ಲ ಫಾರ್ವರ್ಡ್‌ಗಳಿಗೂ ಸಿಕ್ಕಿತ್ತು. ಡೀನ್ ಒಬ್ಬನೇ ಯಾಕೆ ಅಷ್ಟು ಮುಂದೆ ಹೋದ? ಆತನ ಹೆಡರ್ ನೋಡಿ. ಆಗಿನ ಚೆಂಡು ಲೇಸ್ ಕಟ್ಟಿದ ಚರ್ಮದ್ದು, ಮಳೆಯಲ್ಲಿ ನೀರು ಕುಡಿದು ಭಾರವಾಗುತ್ತಿತ್ತು. ಅಂಥದ್ದನ್ನು ಡೀನ್ ತಲೆಯಿಂದ ಮೂಲೆ ನೋಡಿ ಇಡುತ್ತಿದ್ದ. ಅದೂ ಎಂಥ ತಲೆ! 1926ರಲ್ಲಿ ಉತ್ತರ ವೇಲ್ಸ್‌ನಲ್ಲಿ ಮೋಟಾರ್‌ಸೈಕಲ್ ಅಪಘಾತವಾಗಿ ತಲೆಬುರುಡೆ, ದವಡೆ ಎರಡೂ ಮುರಿದಿದ್ದವು. ಇನ್ನು ಆಟ ಮುಗಿಯಿತು ಅಂದುಕೊಂಡವರೇ ಜಾಸ್ತಿ. ಕೆಲವೇ ತಿಂಗಳಲ್ಲಿ ಮೈದಾನಕ್ಕೆ ವಾಪಸ್ ಬಂದ.

ಹುಟ್ಟಿದ್ದು 1907ರಲ್ಲಿ, ಲಿವರ್‌ಪೂಲ್ ಎದುರಿನ ದಡದ ಬರ್ಕನ್‌ಹೆಡ್‌ನಲ್ಲಿ. ಅಲ್ಲಿನ ಟ್ರಾನ್ಮಿಯರ್ ರೋವರ್ಸ್‌ನಿಂದ 1925ರ ಮಾರ್ಚ್‌ನಲ್ಲಿ 3,000 ಪೌಂಡ್‌ಗೆ ಎವರ್ಟನ್‌ಗೆ ಬಂದ. ಇಷ್ಟೆಲ್ಲ ಗೋಲು ಹೊಡೆದರೂ ವಾರದ ಸಂಬಳ 8 ಪೌಂಡ್ ದಾಟುವ ಹಾಗಿರಲಿಲ್ಲ, ಲೀಗ್‌ನ ಗರಿಷ್ಠ ಮಿತಿಯೇ ಅಷ್ಟು.

ಈಗ 1927-28ರ ಸೀಸನ್‌ನ ಕೊನೆಯ ದಿನಗಳು. ಹಿಂದಿನ ಸೀಸನ್‌ನಲ್ಲಷ್ಟೇ ಮಿಡಲ್ಸ್‌ಬ್ರೋದ ಜಾರ್ಜ್ ಕ್ಯಾಮ್ಸೆಲ್ 59 ಹೊಡೆದು ದಾಖಲೆ ಮಾಡಿದ್ದ. ಅದನ್ನು ಮುರಿಯಲು ಡೀನ್‌ಗೆ ಮೂರು ಪಂದ್ಯದಲ್ಲಿ ಒಂಬತ್ತು ಗೋಲು ಬೇಕು. ಆಸ್ಟನ್ ವಿಲ್ಲಾ ಮೇಲೆ ಎರಡು, ಬರ್ನ್‌ಲಿ ಮೇಲೆ ನಾಲ್ಕು. ಮೇ 5ರಂದು ಎವರ್ಟನ್‌ನ ಮೈದಾನ ಗುಡಿಸನ್ ಪಾರ್ಕ್‌ನಲ್ಲಿ ಆರ್ಸೆನಲ್ ಎದುರು ಇನ್ನು ಮೂರು. ಎರಡು ಬೇಗ ಬಂದವು, ಒಂದು ಪೆನಾಲ್ಟಿಯಲ್ಲಿ. ಆಮೇಲೆ ಕಾದದ್ದೇ ಬಂತು. ಆಟ ಮುಗಿಯಲು ಕೆಲವೇ ನಿಮಿಷ ಇದ್ದಾಗ ಅಲೆಕ್ ಟ್ರೂಪ್ ಕಾರ್ನರ್ ಹೊಡೆದ, ಡೀನ್ ತಲೆ ಕೊಟ್ಟ. 60! ಪಂದ್ಯ 3-3ರ ಡ್ರಾ ಆಯಿತು, ಯಾರಿಗೂ ಬೇಸರವಿಲ್ಲ. ಎವರ್ಟನ್ ಲೀಗ್ ಗೆದ್ದಾಗಿತ್ತು.

ಆ ದಿನ ಆರ್ಸೆನಲ್ ಪರ ಕೊನೆಯ ಪಂದ್ಯ ಆಡಿದವರು ಚಾರ್ಲಿ ಬುಕನ್. ಹೊಸ ಆಫ್‌ಸೈಡ್ ನಿಯಮಕ್ಕೆ ಉತ್ತರವಾಗಿ ಮೈದಾನದ ಮಧ್ಯದಲ್ಲಿ ಆಡುವ ಸೆಂಟರ್ ಹಾಫ್‌ನನ್ನು ಹಿಂದಕ್ಕೆಳೆದು ಮೂರನೇ ಬ್ಯಾಕ್ ಮಾಡಬೇಕು ಎಂದು ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್ ಬಳಿ ಪಟ್ಟು ಹಿಡಿದವರೇ ಇವರು. ಕ್ರಮೇಣ ಬೇರೆ ತಂಡಗಳೂ ಅದನ್ನೇ ಹಿಡಿದವು. 'ಸುಲಭ ಇತ್ತು' ಎಂಬ ಮಾತು ನಿಲ್ಲದಿರುವುದು ಇಲ್ಲೇ. ಆ ಮೂರನೇ ಬ್ಯಾಕ್ ಬೆನ್ನಿಗೆ ಬಿದ್ದ ಮೇಲೂ 1931-32ರಲ್ಲಿ ಡೀನ್ 45 ಲೀಗ್ ಗೋಲು ಹೊಡೆದ, ಎವರ್ಟನ್ ಮತ್ತೆ ಚಾಂಪಿಯನ್. 1933ರ ಎಫ್‌ಎ ಕಪ್ ಫೈನಲ್‌ನಲ್ಲೂ ಒಂದು ಹೊಡೆದ, ಮ್ಯಾಂಚೆಸ್ಟರ್ ಸಿಟಿ 0-3ರಿಂದ ಸೋತಿತು. ಆಟಗಾರರ ಬೆನ್ನಿಗೆ ನಂಬರ್ ಹಾಕಿದ ಮೊದಲ ಕಪ್ ಫೈನಲ್ ಅದು. ಡೀನ್‌ದು 9.

ಅಂಕಿ ಬರೆಯುವಾಗ ಎರಡು ಕಡೆ ಹುಷಾರು. ಎವರ್ಟನ್ ಪರ 383 ಅನ್ನುವುದು ಎಲ್ಲ ಸ್ಪರ್ಧೆ ಸೇರಿ, ಲೀಗ್ ಮಾತ್ರ ಆದರೆ 349. ಇನ್ನು ಕ್ಯಾಮ್ಸೆಲ್‌ನ 59 ಬಂದದ್ದು ಸೆಕೆಂಡ್ ಡಿವಿಷನ್‌ನಲ್ಲಿ, ಡೀನ್‌ನ 60 ಫಸ್ಟ್‌ನಲ್ಲಿ.